ನೆನಪಿನಿಂದ ಬರೆದ ಮುಖ

ಟೇಕಲ್ ಬೆಟ್ಟದ ನೆತ್ತಿಯ ಮೇಲಿನ ಬಂಡೆ ಎಡಕ್ಕೆ ವಾಲಿರುವುದಕ್ಕೆ ಡ್ರಾಯಿಂಗ್ ಮೇಷ್ಟ್ರು ಮುರಳಿಮೋಹನ್ ಅವರೇ ಕಾರಣ. ನಂಬದವರು ಟೇಕಲ್ ಸ್ಟೇಷನ್ನಿನಲ್ಲಿ ಇಳಿದು ಕತ್ತೆತ್ತಿ ನೋಡಿಕೊಳ್ಳಬಹುದು. ಮೇಷ್ಟ್ರು ಪ್ರಾಯದಲ್ಲಿದ್ದಾಗ ಒಂದು ಬೆಳಿಗ್ಗೆ ಪ್ಲಾಟ್‌ಫಾರಮ್ಮಿನ ಮೇಲೆ ಕೂತು ಬೆಟ್ಟವನ್ನು ಬರೆದರು. ಚಿತ್ರದಲ್ಲಿ ಮೇಲಿನ ಬಂಡೆ ಒಂದಿಷ್ಟು ಎಡಕ್ಕೆ ವಾಲಿತು. ರೈಲಿಗೆ ಕಾಯುತ್ತಿದ್ದವರೆಲ್ಲ ಬಗ್ಗಿ ನೋಡಿ, ಬಂಡೆ ನೆಟ್ಟಗಿದೆಯಲ್ಲ ಸ್ವಾಮಿ ಎಂದರು. ಮೇಷ್ಟ್ರು ರಬ್ಬರು ಮುಟ್ಟಲಿಲ್ಲ. ಸಂಯೋಜನೆಗೆ ವಾಲುವುದು ಬೇಕು, ಬೆಟ್ಟಕ್ಕೆ ಅದು ಗೊತ್ತಿಲ್ಲ ಎಂದರು. ಆ ವರ್ಷದ ಹಿಂಗಾರಿನಲ್ಲಿ ಮಾಲೂರಿಂದ ಮುಳಬಾಗಿಲಿನವರೆಗೆ ಮಡಕೆಗಳು ಬಿರುಕು ಬಿಡುವ ಹಾಗೆ ಒಂದು ಗುಡುಗು ಗುಡುಗಿತು. ಬೆಳಗಾಗುವ ಹೊತ್ತಿಗೆ ಬಂಡೆ ಎಡಕ್ಕೆ ವಾಲಿ ನಿಂತಿತ್ತು. ಚಿತ್ರದಲ್ಲಿದ್ದಷ್ಟೇ, ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ತಪ್ಪು ಬೆಟ್ಟದ್ದಾಗಿತ್ತು, ತಿದ್ದಿಕೊಂಡಿತು.

ಇಂಥ ಮೇಷ್ಟ್ರು ಇವತ್ತು ಬೆಳಿಗ್ಗೆ ಮಾಲೂರಿನಲ್ಲಿ, ಲಿಯಾಖತನ ಫ್ರೇಮ್ ಅಂಗಡಿಯ ಮೆಟ್ಟಿಲ ಬಳಿ ಒಳಗೆ ಹೋಗಲಾರದೆ ನಿಂತಿದ್ದರು. ಒಳಗೆ ಹೋದರೆ ಹೆಂಡತಿಯ ಮುಖ ನೋಡಬೇಕಾಗುತ್ತದೆ. ಮುನಿಲಕ್ಷ್ಮಿ ತೀರಿಕೊಂಡು ಇವತ್ತಿಗೆ ಒಂದು ವರ್ಷ. ಮಧ್ಯಾಹ್ನ ಟೇಕಲ್ಲಿನ ಮನೆಯಲ್ಲಿ ಎಡೆ ಇಡಬೇಕು. ಗೌನಿಪಲ್ಲಿಯಿಂದ ಅವಳ ತವರಿನವರು ಬೆಳಗಿನ ಬಸ್ಸಿಗೇ ಬಂದು ಕೂತಿದ್ದಾರೆ, ಕೋಲಾರದಿಂದ ಲ್ಯಾಬಿನ ಕೆಲಸಕ್ಕೆ ರಜೆ ಹಾಕಿ ಮಗಳು ಧನಶ್ರೀ ಬಂದಿದ್ದಾಳೆ, ಮತ್ತು ಅವರೆಲ್ಲ ಕಾಯುತ್ತಿರುವುದು ಎಡೆಗಲ್ಲ, ಈ ಚಿತ್ರಕ್ಕೆ. ಹೋದ ವರ್ಷ ಹನ್ನೊಂದನೆಯ ದಿನ, ಗೋಡೆಗೆ ಒರಗಿಸಿದ್ದ ಫೋಟೋಗೆ ಹಾರ ಹಾಕಲು ಮುನಿಲಕ್ಷ್ಮಿಯ ಅಪ್ಪ ಪೆದ್ದಪ್ಪ ಕೈ ಎತ್ತಿದಾಗ, ಮೇಷ್ಟ್ರು ಎಲ್ಲರೆದುರು ಆ ಫೋಟೋ ತೆಗೆಸಿಬಿಟ್ಟಿದ್ದರು. 'ಎತ್ತಿಡಿ ಇದನ್ನ. ಮನೇಲಿರೋ ಫೋಟೋನೆಲ್ಲ ಎತ್ತಿಡಿ. ಆಲ್ಬಮ್ಮೂ ತಗೊಂಡ್ಹೋಗಿ. ವರ್ಷದ ದಿನಕ್ಕೆ ನಾನು ಬರೀತೀನಿ, ಏನೂ ನೋಡದೆ ಬರೀತೀನಿ. ಕಣ್ಣು ಮುಚ್ಚಿದ್ರೆ ಸಾಕು, ಬಂದು ನಿಂತ್ಕೋತಾಳೆ ನನ್ನ ಲಕ್ಷ್ಮಿ.' ಅಮ್ಮನ ಆಸ್ಪತ್ರೆಯ ತಿಂಗಳುಗಳಲ್ಲಿ ಅಪ್ಪನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದ ಮಗಳು ಆ ಮಾತಿಗೆ ತಿರುಗಿದಳು. ಎದ್ದು ಬಂದು ಅಪ್ಪನ ಕೈ ಹಿಡಿದುಕೊಂಡು ಗೋಳೋ ಎಂದು ಅತ್ತಳು. ಅಲ್ಲಿಂದ ಈಚೆಗೆ ಪ್ರತಿ ಭಾನುವಾರ ಊಟಕ್ಕೆ ಬರುತ್ತಾಳೆ. ಒಂದು ಸುಳ್ಳಿನ ಮೇಲೆ ಮಗಳು ವಾಪಸು ಬಂದಿದ್ದಾಳೆ. ಅದು ಸುಳ್ಳೆಂದು ಹೇಳುವಾಗ ಮೇಷ್ಟ್ರಿಗೂ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

'ಆವೋ ಮೇಷ್ಟ್ರೇ, ಯಾಕೆ ಬಿಸ್ಲಲ್ಲಿ ನಿಂತ್ರಿ? ಭಾಭಿ ರೆಡಿ ಆಗಿ ಕೂತಿದಾರೆ,' ಎಂದು ಲಿಯಾಖತ್ ಒಳಗಿನಿಂದ ಕೂಗಿದ. ಗಾಜು ಕೊಯ್ಯುವ ಮೇಜಿನ ಮೇಲೆ ಚಿತ್ರ ಅಂಗಾತ ಮಲಗಿತ್ತು. ಮಲಗಿಸಿದ್ದು ನೋಡಿ ಮೇಷ್ಟ್ರು ಮುಖ ತಿರುಗಿಸಿದರು. 'ನಿಲ್ಲಿಸೋ, ನಿಲ್ಲಿಸೋ ಅದನ್ನ,' ಎಂದರು. ಲಿಯಾಖತ್ ನಿಲ್ಲಿಸಿದ. 'ಹುಬೇಹೂಬ್ ಮೇಷ್ಟ್ರೇ, ಅವರೇ ಬಂದು ಕೂತಂಗಿದೆ. ನಿನ್ನೆ ಅಂಗಡಿ ಮುಚ್ಚೋವಾಗ ನಂಗೇ ಗೊತ್ತಿಲ್ದೆ ಸಲಾಂ ಹೊಡ್ದುಬಿಟ್ಟೆ. ನಿಜ ಹೇಳಿ, ಯಾವ ಫೋಟೋನೂ ನೋಡ್ಲಿಲ್ವಾ?'

'ಫೋಟೋ ಅಂತೆ! ಕಣ್ಣಿಗೆ ಬಟ್ಟೆ ಕಟ್ಕೊಂಡು ಬರೆದಿದೀನಿ ಕಣೋ. ಬಾಗ್ಲು ಕಿಟಕಿ ಎಲ್ಲ ಮುಚ್ಚಿ, ಮೇಲೆ ಕಂಬಳಿ ಬೇರೆ ಹೊದ್ಕೊಂಡು. ಬಣ್ಣದ ವಾಸನೆ ಮೇಲೇ ಯಾವ್ದು ಕೆಂಪು ಯಾವ್ದು ಹಸಿರು ಅಂತ ತಿಳೀತಿತ್ತು.'

'ಕಂಬಳಿ ಒಳಗೆ ಕ್ಯಾನ್ವಾಸ್ ಹಿಡೀತಾ?'

'ದೊಡ್ಡ ಕಂಬಳಿ.'

ಲಿಯಾಖತ್ ನಗುತ್ತ ಹಳೆಯ ಬೆಡ್‌ಶೀಟಿನಲ್ಲಿ ಚಿತ್ರ ಸುತ್ತಿ, ದಾರ ಬಿಗಿದು ಕೊಟ್ಟ. ಮುಖ ಮುಚ್ಚಿದ ಮೇಲೆ ಮೇಷ್ಟ್ರಿಗೆ ಉಸಿರಾಟ ಸರಾಗವಾಯಿತು.

ಟೇಕಲ್ ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತರೆ ಎದುರಿನ ಸೀಟು ಕಾಣುವುದಿಲ್ಲ, ಕಿಟಕಿಯೂ ಕಾಣುವುದಿಲ್ಲ, ಮೂಗಿನ ಮುಂದೆ ಲಿಯಾಖತನ ಮನೆಯ ಬೆಡ್‌ಶೀಟಿನ ನೀಲಿ ಹೂಗಳು ಮಾತ್ರ. ಅದರ ಹಿಂದೆ ಅವಳು. ಈ ಒಂದು ವರ್ಷ ಮೇಷ್ಟ್ರು ಎಷ್ಟು ಸಲ ಕಣ್ಣು ಮುಚ್ಚಿದರು ಎಂಬುದನ್ನು ಲೆಕ್ಕ ಹಾಕಿದರೆ ಕುಂಭಕರ್ಣನಿಗೂ ನಾಚಿಕೆಯಾಗಬೇಕು. ಮೊದಲ ದಿನ ಕ್ಯಾನ್ವಾಸಿನ ಎದುರು ಸ್ನಾನ ಮಾಡಿ ಕೂತು, ಊದುಬತ್ತಿ ಹಚ್ಚಿ, ಕಣ್ಣು ಮುಚ್ಚಿದರು. ಅವಳ ಕೈ ಬಂತು. ರಾಗಿ ಹಿಟ್ಟು ಮೆತ್ತಿದ ಕೋಲು ಹಿಡಿದು ಮುದ್ದೆ ತಿರುವುವ ಕೈ, ಮೊಣಕೈ ತನಕ. ಅವಳು ಗೇಟು ತೆಗೆಯುವ ಸದ್ದು ಬಂತು. ಹಲ್ಲುನೋವಿಗೆ ಇಟ್ಟುಕೊಳ್ಳುತ್ತಿದ್ದ ಲವಂಗದ ವಾಸನೆ ಬಂತು. ಮುಖದ ಜಾಗದಲ್ಲಿ ಒಂದು ಮೊಟ್ಟೆ ಬಂತು. ಕೂದಲಿನ ಅಂಚಿನಿಂದ ಹುಬ್ಬಿಗೆ ಒಂದು ಭಾಗ, ಹುಬ್ಬಿನಿಂದ ಮೂಗಿನ ತುದಿಗೆ ಒಂದು ಭಾಗ, ಅಲ್ಲಿಂದ ಗಲ್ಲಕ್ಕೆ ಒಂದು ಭಾಗ ಎಂದು ಅಡ್ಡಗೆರೆ ಎಳೆದ ಮೊಟ್ಟೆ. ಎಂಟನೇ ಕ್ಲಾಸಿನ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸುವಂಥದ್ದು. ಕಣ್ಣು ಬಿಟ್ಟರು, ನೀರು ಕುಡಿದರು, ಮತ್ತೆ ಮುಚ್ಚಿದರು. ಮೊಟ್ಟೆ. ಮದುವೆಯ ದಿನ, ಅಂತರಪಟ ಸರಿದ ಗಳಿಗೆಯನ್ನು ನೆನೆದರು: ಬಾಸಿಂಗ, ಬಾಸಿಂಗದ ಕೆಳಗೆ ಮೊಟ್ಟೆ. ಧನಶ್ರೀ ಹುಟ್ಟಿದ ದಿನ, ದಿಂಬಿನ ಮೇಲೆ ಕೆದರಿದ ಕೂದಲು, ಕೂದಲಿನ ನಡುವೆ ಮೊಟ್ಟೆ. ಇಪ್ಪತ್ತೇಳು ವರ್ಷ ಒಂದೇ ಸೂರಿನಡಿ ಇದ್ದ ಹೆಂಗಸು ಮೂಗಿಲ್ಲದೆ, ಕಣ್ಣಿಲ್ಲದೆ, ಪ್ರಮಾಣಬದ್ಧವಾಗಿ ಮೇಷ್ಟ್ರ ತಲೆಯೊಳಗೆ ಓಡಾಡುತ್ತಿದ್ದಳು. ಮಾಲೂರಿನಲ್ಲಿ ಡ್ರಾಯಿಂಗ್ ಶೀಟು ಸಿಗದ ಹಾಗೆ ಮಾಡಿದರು, ಇದ್ದಿಲಿನ ಪುಡಿಯಿಂದ ಮನೆಯ ಗೋಡೆಗಳೆಲ್ಲ ಅಡುಗೆಮನೆಯ ಗೋಡೆಗಳಾದವು, ಭಾನುವಾರ ಮಗಳು ಬಂದು 'ಆಯ್ತಾ ಅಪ್ಪಾ? ಸ್ವಲ್ಪ ತೋರ್ಸು' ಎಂದರೆ 'ಕಣ್ಣು ತೆರೆಸೋ ತನಕ ಯಾರೂ ನೋಡೋ ಹಾಗಿಲ್ಲ ಮಗಳೇ, ಶಾಸ್ತ್ರ' ಎಂದು ಕೋಣೆಗೆ ಬೀಗ ಹಾಕಿದರು. ಶಾಸ್ತ್ರ ಎಂದರೆ ಅವಳು ಸುಮ್ಮನಾಗುತ್ತಾಳೆ. ಎಲ್ಲರೂ ಸುಮ್ಮನಾಗುತ್ತಾರೆ. ಅದಕ್ಕಾಗಿಯೇ ಅಲ್ಲವೆ ಅದು ಇರುವುದು ಎಂದು ಬೀಗದ ಕೈ ಜೇಬಿಗೆ ಹಾಕುವಾಗ ಒಂದು ಯೋಚನೆ ಬಂದು, ಬಂದ ದಾರಿಯಲ್ಲೇ ಹೋಯಿತು.

'ಸ್ವಾಮೇ, ಅದಕ್ಕೆ ಲಗೇಜ್ ಆಗುತ್ತೆ,' ಎಂದ ಕಂಡಕ್ಟರು.

'ಇದು ಲಗೇಜಲ್ಲಪ್ಪ, ಚಿತ್ರ.'

'ಚಿತ್ರನೋ ಚಪ್ಪಡಿಯೋ, ಅಡ್ಡ ಬಂದ್ರೆ ಲಗೇಜೇ. ಒಂದು ಸೀಟಿನ ಜಾಗ ತಿಂತಾ ಇದೆ ನೋಡಿ.'

ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳು ಕಂಡಕ್ಟರನ ಮೇಲೆ ರೇಗಿದಳು. 'ಅಮ್ಮೋರ ಪಟ ಇರಬೈದು ಕಣಪ್ಪ, ಹಂಗೆಲ್ಲ ಅನ್ಬ್ಯಾಡ.' ಹಾಗೆಂದವಳೇ ನೀಲಿ ಹೂವಿನ ಬೆಡ್‌ಶೀಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮೇಷ್ಟ್ರು ಅಲ್ಲ ಎನ್ನಲಿಲ್ಲ. ಹೌದೆಂಬಂತೆ ಗಂಭೀರವಾಗಿ ತಲೆಯಾಡಿಸಿದರು, ಸಾಲದ್ದಕ್ಕೆ 'ಒಗ್ಗರಣೆ ಕೈ ಇದ್ರೆ ಮುಟ್ಬಾರ್ದಮ್ಮ' ಎಂದು ಒಂದು ನಿಯಮವನ್ನು ನಿಂತ ನಿಲುವಿನಲ್ಲೇ ಹುಟ್ಟಿಸಿದರು. ಮುದುಕಿ ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡಳು. ಬಸ್ಸು ತಿರುವಿನಲ್ಲಿ ಎತ್ತಿ ಹಾಕಿದಾಗ ಫ್ರೇಮಿನ ಮೂಲೆ ಮೇಷ್ಟ್ರ ಎದೆಗೂಡಿಗೆ ಬಡಿಯಿತು. ಆ ನೋವು ಹಿತವಾಗಿತ್ತು.

ಈ ಶಾಸ್ತ್ರಗಳನ್ನೆಲ್ಲ ಓದುವುದನ್ನು ಮೇಷ್ಟ್ರು ಯಾವಾಗ ಶುರುಮಾಡಿದ್ದು? ಕಲಾಶಾಲೆಯಲ್ಲಿ, ಮೊದಲ ವರ್ಷ. ಬಸ್‌ಸ್ಟ್ಯಾಂಡಿನಿಂದ ಒಬ್ಬ ಮುದುಕನನ್ನು ಕರೆತಂದು ಸ್ಟೂಲಿನ ಮೇಲೆ ಕೂರಿಸಿ, ಬರೆಯಿರಿ ಎಂದಿದ್ದರು. ಎಲ್ಲರೂ ಬರೆದರು. ಮುರಳಿಮೋಹನ ತಲೆಯೆತ್ತಿದಾಗ ಮುದುಕ ಅವನನ್ನೇ ನೋಡುತ್ತಿದ್ದ. ಕೆಟ್ಟ ನೋಟವೇನಲ್ಲ. ಏನೋ ಕೇಳಬೇಕೆಂದು ಬಾಯಿ ತೆರೆಯುವ ಮುಂಚಿನ ನೋಟ. ತಲೆ ತಗ್ಗಿಸಿ ಮತ್ತೆ ಎತ್ತಿದರೆ ಅದೇ. ಅಷ್ಟು ಹೊತ್ತು ಯಾರೂ ಅವನನ್ನು ಹಾಗೆ ನೋಡಿರಲಿಲ್ಲ, ಅವನೂ ಯಾರನ್ನೂ ನೋಡಿರಲಿಲ್ಲ. ಬೆವರಿ ಎದ್ದು, ಹೊಟ್ಟೆನೋವೆಂದು ಸುಳ್ಳು ಹೇಳಿ, ಲೈಬ್ರರಿಗೆ ಹೋಗಿ ಕೂತ. ಅಲ್ಲಿ ಮುಖಗಳನ್ನು ಭಾಗ ಮಾಡುವುದು ಹೇಗೆಂದು ಬರೆದ ಪುಸ್ತಕವಿತ್ತು. ರೂಪಭೇದ, ಪ್ರಮಾಣ, ಭಾವ, ಲಾವಣ್ಯ, ಸಾದೃಶ್ಯ ಎಂದು ಒಂದೊಂದಕ್ಕೂ ಒಂದೊಂದು ಹೆಸರಿತ್ತು. ಮಾರನೆಯ ದಿನ ಮುದುಕನ ಎದುರು ಕೂತಾಗ ಅವನ ಕಣ್ಣು ಕಣ್ಣಾಗಿರದೆ ಎರಡು ಕಣ್ಣಿನ ನಡುವೆ ಒಂದು ಕಣ್ಣಿನ ಅಂತರವಾಗಿತ್ತು. ಮುದುಕ ಕೇಳಬೇಕೆಂದಿದ್ದನ್ನು ಕೇಳದೆ ಹೊರಟುಹೋದ. ಚಿತ್ರ ಚೆನ್ನಾಗಿ ಬಂದಿದೆ ಎಂದರು ಎಲ್ಲರೂ. ಆಮೇಲೆ ಮೇಷ್ಟ್ರು ಓದಿದ್ದಕ್ಕೆ ಕೊನೆಯಿಲ್ಲ. ಕೋಲಾರ ಜಿಲ್ಲೆಯಲ್ಲಿ ಅವರು ಓದದ ಕಲಾಗ್ರಂಥ ಇನ್ನೂ ಅಚ್ಚಾಗಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. ಅಚ್ಚಾಗುವ ಮುಂಚೆಯೇ ಕೆಲವನ್ನು ಓದಿದ್ದೇನೆ ಎಂದೂ ಹೇಳುತ್ತಾರೆ. ಓದುತ್ತ ಓದುತ್ತ ಬರೆಯುವುದು ನಿಂತಿತು. ನಿಂತದ್ದಕ್ಕೂ ಒಂದು ಸಿದ್ಧಾಂತವಿತ್ತು.

ಮುನಿಲಕ್ಷ್ಮಿ ಆಸ್ಪತ್ರೆಗೆ ಓಡಾಡುತ್ತಿದ್ದ ತಿಂಗಳುಗಳಲ್ಲೇ ಮುಳಬಾಗಿಲಿನಲ್ಲಿ ಡ್ರಾಯಿಂಗ್ ಶಿಕ್ಷಕರಿಗೆ ತರಬೇತಿ ಏರ್ಪಾಟಾಗಿತ್ತು. ಮೇಷ್ಟ್ರು ಸಾದೃಶ್ಯದ ಮೇಲೆ ಮಾತಾಡುತ್ತಿದ್ದರು. ಚಿತ್ರ ಯಾರದೋ ಅವರ ಹಾಗೇ ಇರುವುದೆಂದರೇನು ಎಂಬ ವಿಷಯ. ಬಿಳಿ ಗೋಡೆ, ಪ್ಲಾಸ್ಟಿಕ್ ಕುರ್ಚಿ, ಊಟದ ವೇಳೆ ಸಮೀಪಿಸಿದ್ದರಿಂದ ಎಲ್ಲರ ಮುಖದಲ್ಲೂ ಸಾಂಬಾರಿನ ಧ್ಯಾನ. ಶ್ರೀವಾಣಿ ಎಂಬ ಹೊಸ ಟೀಚರು ಎದ್ದು ನಿಂತು ಕೇಳಿದಳು: 'ಸಾರ್, ಬರೆಯೋರಿಗೆ ಇದೆಲ್ಲ ಯಾಕೆ ಸಾರ್? ನಮ್ಮಜ್ಜಿ ರಂಗೋಲಿ ಹಾಕ್ತಿದ್ರು, ಅವರಿಗೆ ಸಾದೃಶ್ಯನೂ ಗೊತ್ತಿಲ್ಲ ಪ್ರಮಾಣನೂ ಗೊತ್ತಿಲ್ಲ. ಓದಿದ್ರೆ ಏನು ಸಿಗುತ್ತೆ?' ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಸಭೆಯನ್ನು ಬೇಕಷ್ಟು ಕಾಯಿಸಿ, 'ಕಣ್ಣು ಸಿಗುತ್ತಮ್ಮ' ಎಂದರು. 'ನಿಮಗೆ ಇರೋದು ರೆಪ್ಪೆ. ಓದಿದೋನಿಗೆ ಮಾತ್ರ ಕಣ್ಣು. ನಾನು ಒಂದ್ಸಲ ನೋಡಿದ್ರೆ ಮುಗೀತು, ಆ ಮುಖ ನನ್ನ ಒಳಗೆ ಕಲ್ಲಲ್ಲಿ ಕೆತ್ತಿದ ಹಾಗೆ.' ಆಗ ಫೋನು ಗುಂಯ್ ಎಂದಿತು. ಕೋಲಾರದ ಆಸ್ಪತ್ರೆಯಿಂದ ಮುನಿಲಕ್ಷ್ಮಿ ಫೋಟೋ ಕಳಿಸಿದ್ದಳು. ಡಯಾಲಿಸಿಸ್ ಕುರ್ಚಿಯಲ್ಲಿ ಒರಗಿಕೊಂಡು, ನೈಟಿಯ ಮೇಲೆ ಮಗಳ ಸ್ವೆಟರ್ ಹಾಕಿಕೊಂಡು ತಾನೇ ತೆಗೆದುಕೊಂಡದ್ದು. ಕೆಳಗೆ ಬರೆದಿದ್ದಳು: ಹೆಂಗ್ ಕಾಣ್ತಿದೀನಿ?

ಅವಳು ಎಂದೂ ಹಾಗೆ ಕೇಳಿದವಳಲ್ಲ. ಹೊಸ ಸೀರೆ ಉಟ್ಟರೂ ಕೇಳುತ್ತಿರಲಿಲ್ಲ. ಫೋಟೋದಲ್ಲಿ ಅವಳ ಬೆನ್ನ ಹಿಂದೆ ಕಿಟಕಿಯಿತ್ತು, ಮುಖ ಕತ್ತಲಾಗಿತ್ತು. ಮೇಷ್ಟ್ರು ಅಲ್ಲೇ, ಎಲ್ಲರೆದುರೇ, ಹೆಬ್ಬೆರಳಿನಿಂದ ಒತ್ತಿ ಉತ್ತರ ಕಳಿಸಿದರು: ಬೆಳಕು ಹಿಂದಿನಿಂದ ಬೀಳ್ತಿದೆ. ಕಿಟಕಿ ಕಡೆ ಮುಖ ಮಾಡಿ ತೆಗಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಸೂಜಿ ಚುಚ್ಚಿದ ಕೈಯನ್ನು ಅಲುಗಿಸದೆ ಅವಳು ಹೇಗೆ ಆ ಕಡೆಗೆ ತಿರುಗಿದಳೋ. ಕಿಟಕಿಯ ಬೆಳಕು ಪೂರ್ತಿ ಬಿದ್ದಿತ್ತು, ಕಣ್ಣು ಕಿರಿದಾಗಿತ್ತು. ಈ ಸಲ ಏನೂ ಕೇಳಿರಲಿಲ್ಲ. ಮೇಷ್ಟ್ರು ಭೇಷ್ ಎನ್ನುವ ಹೆಬ್ಬೆಟ್ಟಿನ ಗುರುತು ಕಳಿಸಿ, ಫೋನು ಎತ್ತಿ ಸಭೆಗೆ ತೋರಿಸುತ್ತ, 'ನೋಡಿ, ನಮ್ಮ ಮನೆಯವರಿಗೂ ಬೆಳಕಿನ ಪಾಠ ಆಸ್ಪತ್ರೇಲೇ ಆಗ್ತಿದೆ' ಎಂದರು. ಜನ ನಕ್ಕರು. ಶ್ರೀವಾಣಿ ಮಾತ್ರ ನಗದೆ ಕೂತುಕೊಂಡಳು ಎಂದು ಮೇಷ್ಟ್ರಿಗೆ ಈಗ ಅನ್ನಿಸುತ್ತದೆ, ಆದರೆ ಅವಳ ಮುಖವೂ ನೆನಪಿಲ್ಲ. ಆಮೇಲೆ ಬಹಳ ದಿನ ಉಳಿಯಲಿಲ್ಲ ಮುನಿಲಕ್ಷ್ಮಿ.

ಆ ಎರಡನೆಯ ಫೋಟೋವನ್ನೇ, ಈಗ್ಗೆ ಒಂದು ತಿಂಗಳ ಹಿಂದೆ, ಬೀಗ ಹಾಕಿದ ಕೋಣೆಯಲ್ಲಿ ಕ್ಯಾನ್ವಾಸಿನ ಮೂಲೆಗೆ ಫೋನು ಕಟ್ಟಿ ಮೇಷ್ಟ್ರು ನಕಲು ಮಾಡಿದರು. ಕಳ್ಳನ ಹಾಗೆ, ಚೌಕಳಿ ಹಾಕಿ, ಚೌಕದಿಂದ ಚೌಕಕ್ಕೆ. ನಕಲು ಮಾಡಲು ನೋಡಬೇಕಾಗಿರಲಿಲ್ಲ, ಅಳೆದರೆ ಸಾಕಿತ್ತು. ಬಾತುಕೊಂಡಿದ್ದ ಮುಖವನ್ನು ಪ್ರಮಾಣದ ಪ್ರಕಾರ ಇಳಿಸಿದರು. ನೈಟಿ, ಸ್ವೆಟರ್ ತೆಗೆದು ರೇಷ್ಮೆ ಸೀರೆ ಉಡಿಸಿದರು. ಸೆರಗನ್ನು ಎಡಹೆಗಲಿಗೆ ಎಳೆದು, ನೆರಿಗೆ ನೆರಿಗೆಗೆ ನೆರಳು ಕೊಟ್ಟರು. ಮುಗಿದ ಮೇಲೆ ಚಿತ್ರ ಅದ್ಭುತವಾಗಿತ್ತು. ಮೇಷ್ಟ್ರು ಅದನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಹೊರಗೆ ಬಂದು ಬಾಯಿ ತೊಳೆದುಕೊಂಡರು.

ಟೇಕಲ್ಲಿನ ಮನೆಯೊಳಗೆ ಕಾಲಿಟ್ಟಾಗ ಮಸಾಲೆ ವಾಸನೆ, ಹೂವಿನ ವಾಸನೆ, ಬಂದವರ ಬೆವರಿನ ವಾಸನೆ ಎಲ್ಲ ಒಟ್ಟಿಗೆ ಹೊಡೆಯಿತು. ಮುನಿಲಕ್ಷ್ಮಿಯ ಅಕ್ಕ ಮುತ್ಯಾಲಮ್ಮ ಎಡೆಗೆ ಎಲೆ ಒರೆಸುತ್ತಿದ್ದಳು. 'ಬಂದ್ರಾ ಮೇಷ್ಟ್ರೇ? ನಮ್ ಚೆಲ್ಲೆಲಿನ ಕರ್ಕೊಂಡ್ ಬಂದ್ರಾ?' ಎಂದು ತಂಗಿಯನ್ನು ತೆಲುಗಿನಲ್ಲೇ ಕರೆದಳು. ಧನಶ್ರೀ ಅಡುಗೆಮನೆಯಿಂದ ಓಡಿ ಬಂದಳು. ಕೈಯಲ್ಲಿ ಹಿಟ್ಟು, ಕಣ್ಣಲ್ಲಿ ಚಿಕ್ಕವಳಿದ್ದಾಗ ಜಾತ್ರೆಯ ಬೊಂಬೆಗೆ ಕಾಯುತ್ತಿದ್ದ ಆಸೆ. ಅಪ್ಪನ ಕೈಯಿಂದ ಗಂಟು ಇಸಕೊಂಡು ತಾನೇ ದಾರ ಬಿಚ್ಚಿದಳು. ಬೆಡ್‌ಶೀಟು ಜಾರಿತು.

ಮನೆಯಲ್ಲಿ ಸದ್ದಡಗಿತು. ಒಲೆಯ ಮೇಲಿನ ಕುದಿತವೂ ನಿಂತಿತು ಎಂದು ಮೇಷ್ಟ್ರು ಮುಂದೆ ಹೇಳಬಹುದಿತ್ತು. 'ಅಮ್ಮಾ,' ಎಂದಳು ಧನಶ್ರೀ, ಅಷ್ಟೇ. ಮುತ್ಯಾಲಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಯಾರೋ 'ಮಾತಾಡ್ಬಿಡ್ತಾಳೆ ಅನ್ಸುತ್ತೆ' ಎಂದರು. ಹಿಂದಿನಿಂದ ಇನ್ಯಾರೋ 'ಇಂಥಾ ಗಂಡ ಯಾರಿಗೆ ಸಿಗ್ತಾನೆ' ಎಂದರು. ಆ ಮಾತು ಮೇಷ್ಟ್ರ ನೆತ್ತಿಗೆ ಏರಿತು. ಸುಮ್ಮನಿರಬೇಕು ಎಂದು ಒಳಗೆ ಯಾವುದೋ ಹೇಳುತ್ತಿತ್ತು, ಬಾಯಿ ಕೇಳಲಿಲ್ಲ. 'ಒಂದಿನಾನೂ ತಪ್ಪಿಸ್ಲಿಲ್ಲ ಅತ್ತಿಗೆ, ದಿನಾ ಬೆಳಿಗ್ಗೆ ಬಂದು ಎದುರಿಗೆ ಕೂತ್ಕೋತಿದ್ಳು. ಕಣ್ಣು ಮುಚ್ಚಿದ್ರೆ ಪೂರ್ತಿ. ರೆಪ್ಪೆ ಕೂದ್ಲು ಎಣಿಸ್ಬೋದಿತ್ತು. ಮೂಗು ಸ್ವಲ್ಪ ದಪ್ಪ ಮಾಡಿದೀರ ರೀ, ತಿದ್ದಿ ಅಂತ ಅವಳೇ ಹೇಳಿ ತಿದ್ದಿಸಿದ್ಳು.' ಧನಶ್ರೀ ಅಪ್ಪನ ತೋಳಿಗೆ ತಲೆ ಒರಗಿಸಿದಳು. ಆ ತಲೆಯ ಭಾರ. ಇದಕ್ಕಾಗಿ ಟೇಕಲ್ ಬೆಟ್ಟವನ್ನೇ ಬೇಕಾದರೂ ಸುಳ್ಳು ಹೇಳಿ ಎತ್ತಬಹುದು.

ಗೋಡೆಗೆ ಚಿತ್ರ ಒರಗಿಸಿ, ಎಲೆ ಹಾಕಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದರು. ಮುತ್ತೈದೆಯಾಗಿ ಹೋದವಳು, ಹೆಂಗಸರು ಒಬ್ಬೊಬ್ಬರಾಗಿ ಬಂದು ಪಟಕ್ಕೆ ಅರಿಶಿನ ಕುಂಕುಮ ಇಡಬೇಕು, ಹಿರಿಯಳಾದ ಮುತ್ಯಾಲಮ್ಮ ಮೊದಲು. ಅವಳು ಮಂಡಿಯೂರಿ, ಕಣ್ಣೊರೆಸಿಕೊಂಡು, ಕುಂಕುಮದ ಬೆರಳನ್ನು ತಂಗಿಯ ಹಣೆಯ ಹತ್ತಿರ ತಂದಳು. ಬೆರಳು ಅಲ್ಲೇ ನಿಂತಿತು. ಹಿಂದಕ್ಕೆ ವಾಲಿ ನೋಡಿದಳು. ಮತ್ತೆ ಮುಂದೆ ಬಂದು ನೋಡಿದಳು. ತನ್ನ ಮೂಗನ್ನು ತಾನೇ ಮುಟ್ಟಿಕೊಂಡಳು.

'ಮೇಷ್ಟ್ರೇ, ಮೂಗುಬಟ್ಟು ಈ ಕಡೆ ಯಾಕಿದೆ?'

'ಯಾವ ಕಡೆ?'

'ಎಡಗಡೆ ಇಟ್ಟಿದೀರಲ್ಲ. ನಮ್ ಮುನೀದು ಬಲಗಡೆ. ನಂಗೂ ಅವಳಿಗೂ ಒಂದೇ ದಿನ ಚುಚ್ಸಿದ್ದು, ನೋಡಿ, ಇಲ್ಲಿ. ಆವತ್ತು ಮಣ್ಣು ಮಾಡೋಕೆ ಮುಂಚೆ ನಾನೇ ಅಲ್ವಾ ಬಿಚ್ಚಿದ್ದು? ತಿರುಪು ಬರ್ದೆ ಸೋಪು ಹಚ್ಚಿ ಬಿಚ್ಚಿದೀನಿ. ಈ ಕೈಲಿ. ನಾ ಮರೀತೀನಾ?'

ಮೇಷ್ಟ್ರು ಚಿತ್ರವನ್ನು ನೋಡಿದರು. ಚಿತ್ರದ ಹೆಂಗಸಿನ ಮೂಗಿನ ಎಡ ಹೊಳ್ಳೆಯ ಮೇಲೆ ಕೆಂಪು ಹರಳು, ಹರಳಿನ ಮೇಲೆ ಬಿಳಿಯ ಚುಕ್ಕೆ, ಚುಕ್ಕೆಗೆ ಕಿಟಕಿಯ ಬೆಳಕು. ಎಡವೋ ಬಲವೋ? ಇಪ್ಪತ್ತೇಳು ವರ್ಷ. ಒಳಗೆಲ್ಲ ಹುಡುಕಿದರು. ಮೊಟ್ಟೆಗೆ ಮೂಗುಬಟ್ಟು ಇರಲಿಲ್ಲ. ಆದರೂ ಗಂಟಲು ತನ್ನ ಪಾಡಿಗೆ ತಾನು ತೆರೆದುಕೊಂಡಿತು. 'ಅದು ಹಾಗೆ ಅತ್ತಿಗೆ, ಶಾಸ್ತ್ರ. ಚಿತ್ರ ಅನ್ನೋದು ಎದುರಿಗೆ ನಿಂತಿರೋ ವಸ್ತು. ಅದರ ಬಲ ನಮ್ಮ ಎಡ. ಸಾದೃಶ್ಯ ಅಂದ್ರೆ ಇದ್ದ ಹಾಗೆ ಅಲ್ಲ, ಆತ್ಮಕ್ಕೆ ಕಂಡ ಹಾಗೆ. ಒಳಗಣ್ಣಿಗೆ ಎಲ್ಲಾ ಕನ್ನಡಿ ಥರ ತಿರುಗಿ ಬೀಳುತ್ತೆ, ಅದನ್ನ ಹಾಗೇ ಉಳಿಸ್ಕೋಬೇಕು ಅಂತ ಹೇಳಿದೆ.'

'ಹಂಗಾ?' ಎಂದಳು ಮುತ್ಯಾಲಮ್ಮ. ನಂಬಿದವಳ ಹಾಗೆ ಇನ್ನೊಂದು ಸಲ ಚಿತ್ರ ನೋಡಿದಳು. 'ಹಂಗಾದ್ರೆ ಸೆರಗೂ ತಿರುಗ್ಬೇಕಾಗಿತ್ತಲ್ಲ? ಅದು ಸರಿಯಾಗಿ ಎಡಕ್ಕೇ ಇದೆ.'

ತೋಳಿನ ಮೇಲಿದ್ದ ಭಾರ ಹೋಯಿತು. ಧನಶ್ರೀ ಒಳಗೆ ಹೋಗಿ ಅಮ್ಮನ ಹಳೆಯ ಫೋನು ತಂದಳು. ನಿಧಾನವಾಗಿ ಹುಡುಕಿ, ಚಿತ್ರದ ಪಕ್ಕದಲ್ಲಿ ಹಿಡಿದಳು. ಕಿರಿದಾದ ಅದೇ ಕಣ್ಣು. ಅದೇ ವಾಲಿದ ಕತ್ತು. ಅದೇ ಬೆಳಕು.

'ಸೆಲ್ಫೀಲಿ ಉಲ್ಟಾ ಬೀಳುತ್ತೆ ದೊಡ್ಡಮ್ಮ, ಈ ಫೋನಲ್ಲಿ,' ಎಂದಳು. ಅವಳ ದನಿ ಲ್ಯಾಬಿನಲ್ಲಿ ರಿಪೋರ್ಟು ಓದಿ ಹೇಳುವ ದನಿಯಾಗಿತ್ತು. 'ಅಪ್ಪ ಇದನ್ನ ನೋಡಿ ಬರೆದಿರೋದು.' ಆಮೇಲೆ ಅಪ್ಪನ ಕಡೆ ತಿರುಗಿದಳು. 'ಹೆಂಗ್ ಕಾಣ್ತಿದೀನಿ ಅಂತ ಕೇಳಿದ್ಲು. ಅವಳ ಪಕ್ಕದಲ್ಲಿ ನಾನೇ ಇದ್ದೆ ಅಪ್ಪ. ನಿನ್ನ ಮೆಸೇಜ್ ಬಂದಾಗ ತಿರುಗೋಕೆ ಆಗ್ದೆ ನನ್ನ ಹೆಗಲು ಹಿಡ್ಕೊಂಡು ತಿರುಗಿದ್ಲು. ಅದನ್ನ ಮರೆತೇಬಿಡೋಣ ಅಂತ ಇದ್ದೆ. ಒಂದು ವರ್ಷದಿಂದ. ಕಣ್ಣು ಮುಚ್ಚಿದ್ರೆ ಬರ್ತಾಳೆ ಅಂದ್ಯಲ್ಲ, ಅದಕ್ಕೆ.'

ಮೇಷ್ಟ್ರ ಬಾಯಲ್ಲಿ ಇನ್ನೊಂದು ಸಿದ್ಧಾಂತ ತಯಾರಾಗುತ್ತಿತ್ತು. ಅದರ ಮೊದಲ ಪದ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಮಗಳು ಅವರನ್ನೇ ನೋಡುತ್ತಿದ್ದಳು. ಎರಡು ಕಣ್ಣಿನ ನಡುವೆ ಒಂದು ಕಣ್ಣಿನ ಅಂತರ ಎಂದು ಅಳೆಯಲು ಹೋದರು. ಅಳತೆ ನಿಲ್ಲಲಿಲ್ಲ.

'ಬರ್ಲಿಲ್ಲ,' ಎಂದರು. 'ಒಂದ್ಸಲಾನೂ ಬರ್ಲಿಲ್ಲ ಮಗಳೇ. ಕೈ ಬರುತ್ತೆ. ಮುಖ ಬರಲ್ಲ. ನಾನು ನೋಡಿದ್ರೆ ತಾನೆ ಬರೋದು? ಯಾರನ್ನ ನೋಡಿದ್ರೂ ಹೆದ್ರಿಕೆ ಕಣೇ ನಂಗೆ, ಏನಾದ್ರೂ ಕೇಳಿಬಿಡ್ತಾರೆ ಅಂತ. ಬೆಳಕು ಎಲ್ಲಿಂದ ಬಿತ್ತು, ಮೂಗೆಷ್ಟು ಉದ್ದ, ಇದನ್ನೆಲ್ಲ ಹೇಳೋಕೆ ಬಂದ್ಬಿಟ್ರೆ ನೋಡೋದು ತಪ್ಪುತ್ತೆ. ಅದಕ್ಕೇ ಅಷ್ಟೊಂದು ಓದಿದ್ದು. ಬೇರೆ ಏನಕ್ಕೂ ಅಲ್ಲ.'

ಮೂಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಪೆದ್ದಪ್ಪ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, 'ಏಮಂಟಾಡು? ಏನಂತಾನೆ ಅಳಿಯ? ಯಾಕೆ ಎಲ್ರೂ ಸುಮ್ನಾದ್ರಿ?' ಎಂದ. ಮುತ್ಯಾಲಮ್ಮ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಧನಶ್ರೀ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. 'ಕಿವಿ ಕೇಳಲ್ಲಪ್ಪ ನಂಗೆ, ಗಟ್ಟಿಯಾಗಿ ಹೇಳು,' ಎಂದ ಮುದುಕ.

ಮೇಷ್ಟ್ರು ಮಾವನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು. ಪೆದ್ದಪ್ಪನಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿದರು. 'ಆ?' ಎಂದ. ಆಗ ಮೇಷ್ಟ್ರು, ಬೀದಿಯಲ್ಲಿ ಚಪ್ಪಲಿ ಬಿಡುತ್ತಿದ್ದವರೂ ನಿಂತು ಒಳಗೆ ಇಣುಕುವ ಹಾಗೆ, ಕೂಗಿ ಹೇಳಿದರು:

'ನಂಗೆ ನಿಮ್ಮ ಮಗಳ ಮುಖ ಗೊತ್ತಿಲ್ಲ ಮಾವಾ!'